ಗುರುಪಾದನ ಪಾಯಿಂಟೆಡ್ಲಿ

ಮಸಗುಪ್ಪಿಯ ಶರಣಬಂಧು ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತನಾಗಿರುವ ಗುರುಪಾದನಿಗೆ ಭಾರೀ ಇಂಗ್ಲಿಷ್ ಬರುತ್ತದೆಂಬ ಸುದ್ದಿ ಯಾವಾಗ ಹುಟ್ಟಿತೋ ಯಾರೂ ಬರೆದಿಟ್ಟಿಲ್ಲ. ಅದನ್ನು ಅವನು ತಾನಾಗಿ ಹಬ್ಬಿಸಿದವನಲ್ಲ. ಹಬ್ಬುವಾಗ ತಡೆದವನೂ ಅಲ್ಲ. ಇಲಾಖೆಯಿಂದ ಇಂಗ್ಲಿಷಿನಲ್ಲಿ ಕಾಗದ ಬಂದರೆ ಮಾಸ್ತರರೆಲ್ಲ ಅದನ್ನು ಅವನ ಮೇಜಿನ ಮೇಲಿಟ್ಟು ಎರಡು ಹೆಜ್ಜೆ ದೂರ ನಿಲ್ಲುತ್ತಿದ್ದರು. ಅವನು ಕನ್ನಡಕ ಮೇಲೇರಿಸಿ, ತುಟಿ ಅಲುಗಾಡಿಸುತ್ತ ಓದಿ, ಕಾಗದವನ್ನು ಮಡಚಿ, ಗಾಬರಿ ಆಗುವಂಥದ್ದೇನೂ ಇಲ್ಲ ಎಂದು ಹೇಳುತ್ತಿದ್ದ. ನೂರಕ್ಕೆ ತೊಂಬತ್ತೈದು ಕಾಗದಗಳಲ್ಲಿ ಗಾಬರಿ ಆಗುವಂಥದ್ದು ನಿಜವಾಗಿಯೂ ಏನೂ ಇರುತ್ತಿರಲಿಲ್ಲ. ಹೀಗಾಗಿ ಅವನ ಹೆಸರು ಕೆಡದೆ ಉಳಿದಿತ್ತು.

ಆ ಹೆಸರಿಗೆ ಬೆಲೆ ಬರುವ ಕಾಲವೂ ಬಂತು. ಸಂಸ್ಥೆಯ ಚೇರ್ಮನ್ನರಾದ ಮಾಲಿಂಗಪ್ಪನವರು ಮೂಡಲಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಬರುವ ಜೂನಿನಿಂದ ಶಾಲೆಯ ಪಕ್ಕದಲ್ಲೇ ಇಂಗ್ಲಿಷ್ ಮಾಧ್ಯಮದ ಶಾಲೆಯೊಂದನ್ನು ತೆರೆಯಬೇಕೆಂದು ಅವರು ನಿಶ್ಚಯ ಮಾಡಿದ್ದರು. ಅದಕ್ಕೊಬ್ಬ ಸೂಪರಿಂಟೆಂಡೆಂಟ್ ಬೇಕು, ಇಂಗ್ಲಿಷಿನಲ್ಲಿ ಪತ್ರ ಬರೆಯುವವನಾಗಿರಬೇಕು, ಹೊರಗಿನಿಂದ ಯಾಕೆ ತರಬೇಕು ಎಂದು ಒಂದು ದಿನ ಚಹಾ ಕುಡಿಯುತ್ತ ಅಂದುಬಿಟ್ಟರು. ಅಂದದ್ದು ಗೋಡೆಯ ಕಡೆ ಮುಖ ಮಾಡಿ. ಆದರೆ ಗೋಡೆಗೂ ಅವರಿಗೂ ನಡುವೆ ಗುರುಪಾದನೇ ನಿಂತಿದ್ದ. ಅಂದಿನಿಂದ ಅವನು ಗೋಕಾಕದ ತನ್ನ ಮನೆಯಲ್ಲಿ ಹೆಂಡತಿ ರಾಯವ್ವ ಊಟಕ್ಕೆ ಕರೆದರೂ 'ಎಸ್' ಎಂದೇ ಏಳತೊಡಗಿದ.

ಅಷ್ಟರಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ ದಾಕ್ಷಾಯಿಣಿ ಅಕ್ಕೋರು ಮೇ ಮೂವತ್ತೊಂದಕ್ಕೆ ನಿವೃತ್ತರಾಗುವ ದಿನ ಹತ್ತಿರ ಬಂತು. ಹುಕ್ಕೇರಿಯವರು, ಗಣಿತದವರು, ಮೂವತ್ತು ವರ್ಷ ಅದೇ ಶಾಲೆಯಲ್ಲಿ ಕಳೆದವರು. ಧ್ವನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳಿದವರಿಲ್ಲ. ಅವರಿಗೆ ಕೊಡುವ ಸನ್ಮಾನಪತ್ರ ಇಂಗ್ಲಿಷಿನಲ್ಲೇ ಇರಬೇಕು, ಹೊಸ ಶಾಲೆಗೆ ಮಕ್ಕಳನ್ನು ಹಾಕುವವರು ಬಂದಿರುತ್ತಾರೆ, ನಮ್ಮ ಮಟ್ಟ ಅವರಿಗೆ ಗೊತ್ತಾಗಲಿ ಎಂದು ಚೇರ್ಮನ್ನರು ಅಪ್ಪಣೆ ಕೊಟ್ಟರು. ಬರೆಯುವುದು ಯಾರೆಂದು ಹೇಳುವ ಅಗತ್ಯವೇ ಇರಲಿಲ್ಲ.

ಗುರುಪಾದ ಮೂರು ಸಂಜೆ ಕೂತು ಬರೆದ. ಅಕ್ಕೋರ ಗುಣಗಳಿಗೇನೂ ಬರ ಇರಲಿಲ್ಲ. ಬೆಳಿಗ್ಗೆ ಗಂಟೆ ಬಾರಿಸುವುದಕ್ಕಿಂತ ಮೊದಲೇ ಅವರು ಗೇಟಿನಲ್ಲಿ ಇರುತ್ತಿದ್ದರು. ಬಿಸಿಯೂಟದ ಜೊತೆ ಮಕ್ಕಳಿಗೆಂದು ಬಂದ ತತ್ತಿಗಳು ಮಕ್ಕಳ ತಾಟಿಗೇ ಬೀಳುವಂತೆ ಮುಂದೆ ನಿಂತು ನೋಡುತ್ತಿದ್ದರು. ತಮ್ಮ ಕೋಣೆಗೆಂದು ಕೊಟ್ಟ ಕಂಪ್ಯೂಟರನ್ನು ಬೇರೆಲ್ಲೂ ಒಯ್ಯದೆ ಶಾಲೆಯಲ್ಲೇ ಇಟ್ಟಿದ್ದರು. ಇವೆಲ್ಲ ನಿಜವಾದ ಮಾತುಗಳು. ತೊಂದರೆ ಏನೆಂದರೆ, ಇಂಗ್ಲಿಷಿನಲ್ಲಿ ಬರೆದಾಗ ಅವು ಬಸ್ಸಿನ ವೇಳಾಪಟ್ಟಿಯ ಹಾಗೆ ಕಾಣುತ್ತಿದ್ದವು. ಪ್ರತಿ ಸಾಲಿಗೂ ಸ್ವಲ್ಪ ತೂಕ ಬೇಕಿತ್ತು. 'ವೆರಿ' ಎಂಬುದನ್ನು ಐದನೇ ಇಯತ್ತೆಯವರೂ ಬರೆಯುತ್ತಾರೆ. 'ರಿಯಲಿ' ಎಂಬುದು ಟೀವಿಯವರು ಅನ್ನುವ ಮಾತು. ಹೀಗೆ ಪೇಚಾಡುತ್ತಿದ್ದಾಗ, ಕಪಾಟಿನೊಳಗೆ ಹಾಸಿದ್ದ ಒಂದು ಹಳೇ ಇಂಗ್ಲಿಷ್ ಪೇಪರಿನ ಹಾಳೆಯಲ್ಲಿ ಅವನಿಗೆ 'ಪಾಯಿಂಟೆಡ್ಲಿ' ಎಂಬ ಶಬ್ದ ಕಂಡಿತು. ಯಾವುದೋ ಊರಿನ ಯಾವುದೋ ಮುಖಂಡ ಪಾಯಿಂಟೆಡ್ಲಿ ಏನನ್ನೋ ಮಾಡಿದ್ದ. ಶಬ್ದಕ್ಕೆ ಗತ್ತಿತ್ತು. ಮೊಬೈಲಿನ ನಿಘಂಟು ತೆಗೆದು ನೋಡಿದ. 'ಒತ್ತುಕೊಟ್ಟು, ಉದ್ದೇಶಪೂರ್ವಕವಾಗಿ, ಎದ್ದು ಕಾಣುವಂತೆ' ಎಂದಿತ್ತು. ಅದರ ಕೆಳಗೆ 'ಯಾರನ್ನೋ ಗುರಿಯಾಗಿಟ್ಟು, ಚುಚ್ಚುವಂತೆ' ಎಂಬ ಇನ್ನೊಂದು ಸಾಲೂ ಇತ್ತು. ಅದನ್ನು ಓದಬೇಕಾದರೆ ಪರದೆಯನ್ನು ಬೆರಳಿನಿಂದ ಒಂದಿಷ್ಟು ಮೇಲೆ ತಳ್ಳಬೇಕಿತ್ತು. ಗುರುಪಾದ ತಳ್ಳಲಿಲ್ಲ. ಮುಂದೆ ಅವನಿಗೊದಗಿದ ಕಷ್ಟದಲ್ಲಿ ಅರ್ಧ ಪಾಲು ಆ ಬೆರಳಿನ ಸೋಮಾರಿತನದ್ದು.

ಆ ಸಂಜೆ ಅವನು ಆ ಶಬ್ದವನ್ನು ಉಪ್ಪಿನ ಹಾಗೆ ಎಲ್ಲ ಸಾಲಿಗೂ ಹಾಕಿದ. ಮೇಡಂ ಅವರು ಪಾಯಿಂಟೆಡ್ಲಿ ಗಂಟೆಗೆ ಮೊದಲೇ ಬಂದರು. ಮೇಡಂ ಅವರು ಮಕ್ಕಳ ತತ್ತಿಗಳನ್ನು ಪಾಯಿಂಟೆಡ್ಲಿ ಮಕ್ಕಳಿಗೇ ಕೊಟ್ಟರು. ಮೇಡಂ ಅವರು ಶಾಲೆಯ ಕಂಪ್ಯೂಟರನ್ನು ಪಾಯಿಂಟೆಡ್ಲಿ ಶಾಲೆಯಲ್ಲಿಯೇ ಇಟ್ಟರು. ಕೊನೆಗೆ, ಇಂದು ಮೇಡಂ ಅವರನ್ನು ಬೀಳ್ಕೊಡುತ್ತ ನಾವೆಲ್ಲರೂ ಪಾಯಿಂಟೆಡ್ಲಿ ಅಳುತ್ತಿದ್ದೇವೆ. ಬರೆದು ಮುಗಿಸಿ ಗಟ್ಟಿಯಾಗಿ ಓದಿದಾಗ ರಾಯವ್ವ ಒಲೆಯ ಮುಂದಿನಿಂದಲೇ ಭಾರೀ ಆಗಿದೆ ಎಂದಳು. ಮರುದಿನ ಅವನು ಅದನ್ನು ಗೋಕಾಕದ ಅಣ್ಣಪ್ಪನ ಪ್ರೆಸ್ಸಿಗೆ ಕೊಟ್ಟು, ಸುತ್ತಲೂ ಬಂಗಾರದ ಬಳ್ಳಿ ಬರುವಂತೆ ಹೇಳಿ, ಚೌಕಟ್ಟು ಹಾಕಿಸಿದ.

ಸಮಾರಂಭದ ದಿನ ಶಾಲೆಯ ಅಂಗಳದಲ್ಲಿ ಪೆಂಡಾಲು ತುಂಬಿತ್ತು. ಮುಖ್ಯ ಅತಿಥಿ ಸಂಘಮಿತ್ರಾ. ಅದೇ ಊರಿನಲ್ಲಿ ಹೊಲದ ಕೆಲಸ ಮಾಡುವವರ ಮಗಳು, ಅದೇ ಶಾಲೆಯಲ್ಲಿ ಅಕ್ಕೋರ ಕೈಯಲ್ಲಿ ಗಣಿತ ಕಲಿತವಳು. ಈಗ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಸನ್ಮಾನಪತ್ರ ಓದುವ ಹೊತ್ತಿಗೆ ಮೈಕಿನ ತನಕ ಹೋದ ಗುರುಪಾದ ಜನರನ್ನು ನೋಡಿ ಹಿಂದಕ್ಕೆ ಸರಿದ. ಚೇರ್ಮನ್ನರು ಅತಿಥಿಗಳೇ ಓದಲಿ, ಅವರ ಇಂಗ್ಲಿಷೂ ಜನರಿಗೆ ಕೇಳಿಸಲಿ ಎಂದರು.

ಸಂಘಮಿತ್ರಾ ಮೊದಲ ಸಾಲು ಓದಿ ಕ್ಷಣಕಾಲ ನಿಂತಳು. ಎರಡನೆಯದನ್ನು ಓದಿ ತಲೆಯೆತ್ತಿ ಮಾಸ್ತರರ ಸಾಲಿನ ಕಡೆ ನೋಡಿದಳು. ಮೂರನೆಯದನ್ನು ಓದಿ ಚೇರ್ಮನ್ನರ ಕಡೆ ನೋಡಿದಳು. ಕೊನೆಯ ಸಾಲಿಗೆ ಬಂದಾಗ ಕೆಮ್ಮು ಬಂದು ಕರವಸ್ತ್ರ ತೆಗೆದಳು. ಗುರುಪಾದ ಅದು ಭಾವುಕತೆ ಎಂದು ತಿಳಿದ. ಆಮೇಲೆ ಅವಳು ಮೈಕನ್ನು ಹತ್ತಿರಕ್ಕೆಳೆದುಕೊಂಡು, ಮುಂದೆ ಕೂತ ತಾಯಂದಿರಿಗೂ ತಿಳಿಯಲೆಂದು ಕನ್ನಡದಲ್ಲಿ ಹೇಳತೊಡಗಿದಳು.

"ಇದರಾಗ ಒಂದ್ ಶಬ್ದ ನಾಲ್ಕ ಸಲ ಬಂದೈತಿ. ಬೇಕಂತನ, ನಾಕ್ ಮಂದಿಗೆ ಕಾಣೂ ಹಂಗ, ಯಾರಿಗೆ ಮುಟ್ಟಬೇಕೋ ಅವರಿಗೆ ಮುಟ್ಟೂ ಹಂಗ ಅಂತ ಅದರ ಅರ್ಥ. ಅಕ್ಕೋರು ಜಲ್ದಿ ಬರ್ತಿದ್ರು, ತಡಾ ಮಾಡಿ ಬರಾವ್ರಿಗೆ ತಿಳೀಲಿ ಅಂತ. ತತ್ತಿ ಮಕ್ಕಳಿಗೇ ಕೊಡ್ತಿದ್ರು, ಮನಿಗೆ ಒಯ್ಯಾವ್ರಿಗೆ ತಿಳೀಲಿ ಅಂತ. ಕಂಪ್ಯೂಟರ್ ಸಾಲ್ಯಾಗ ಇಟ್ರು, ಅದೂ ಹಂಗ. ಇದನ್ನ ಬರದವರು ಯಾರೋ, ಭಾಳ ವಿಚಾರ ಮಾಡಿ ಬರದಾರ."

ತಾಯಂದಿರು ಚಪ್ಪಾಳೆ ಬಾರಿಸಿದರು. ಅಂಥ ಚಪ್ಪಾಳೆ ಆ ಅಂಗಳದಲ್ಲಿ ಯಾವ ಭಾಷಣಕ್ಕೂ ಬಿದ್ದದ್ದಿಲ್ಲ. ಗುರುಪಾದ ಎದ್ದು ಕೈ ಮುಗಿದ. ಮುಗಿದ ಕೈ ಕೆಳಗಿಳಿಯುವ ಮುನ್ನವೇ ಅವಳು ಹೇಳಿದ್ದು ತಲೆಗೆ ಹೋಗಿ ಮುಟ್ಟಿತು. ಮಾಸ್ತರರ ಸಾಲಿನಲ್ಲಿ ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ದಿನವೂ ಎರಡನೇ ತಾಸಿಗೆ ಬರುವ ದೈಹಿಕ ಶಿಕ್ಷಕ ಲಖನ ಸರ್ ತಮ್ಮ ಬೂಟು ನೋಡುತ್ತಿದ್ದರು. ಬಿಸಿಯೂಟದ ಉಸ್ತುವಾರಿಯ ಈಶ್ವರ ಸರ್ ಅವರ ಮುಖ ಕೆಂಪಾಗಿತ್ತು. ಶಾಲೆಗೆ ಬಂದಿದ್ದ ಎರಡು ಕಂಪ್ಯೂಟರುಗಳಲ್ಲಿ ಒಂದು ಈಗ ಮೂರು ವರ್ಷದಿಂದ ಮೂಡಲಗಿಯ ಗೊಬ್ಬರದ ಅಂಗಡಿಯಲ್ಲಿದೆ ಎಂಬುದು ಊರಿನ ದನಕಾಯುವವರಿಗೂ ಗೊತ್ತಿದ್ದ ಸಂಗತಿ. ಆ ಅಂಗಡಿಯ ಮಾಲೀಕರು ವೇದಿಕೆಯ ನಟ್ಟನಡುವಿನ ಕುರ್ಚಿಯಲ್ಲಿ ಕಲ್ಲಾಗಿದ್ದರು. ದಾಕ್ಷಾಯಿಣಿ ಅಕ್ಕೋರು ಮಾತ್ರ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಯಾವಾಗಿನಂತೆ ನೆಲ ನೋಡುತ್ತ ಕೂತಿದ್ದರು.

ಊಟಕ್ಕೆ ಕೂತಾಗ ಗುರುಪಾದನ ಎಡಕ್ಕೆ ಮೂರು ಎಲೆ, ಬಲಕ್ಕೆ ಮೂರು ಎಲೆ ಖಾಲಿ ಉಳಿದವು. ಚೇರ್ಮನ್ನರು ಕಾರು ಹತ್ತುವ ಮುನ್ನ ಅವನ ಹೆಗಲ ಮೇಲೆ ಕೈಯಿಟ್ಟು, ನಿನ್ನ ಇಂಗ್ಲಿಷ್ ಭಾರೀ ಇದೆ ಬಿಡಪ್ಪ ಎಂದು ಮೆಲ್ಲಗೆ ಅಂದರು. ಆ ಕೈ ಹೋದ ಮೇಲೂ ಹೆಗಲು ತಣ್ಣಗೇ ಇತ್ತು. ಮನೆಗೆ ಬಂದವನೇ ಗುರುಪಾದ ಮೊಬೈಲು ತೆಗೆದು, ಆ ಶಬ್ದವನ್ನು ಮತ್ತೆ ಹುಡುಕಿ, ಪರದೆಯನ್ನು ಮೇಲಕ್ಕೆ ತಳ್ಳಿದ. ಆಮೇಲೆ ಅವನಿಗೆ ಆ ದಿನ ರೊಟ್ಟಿ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಗೋಕಾಕ ಬಸ್ ನಿಲ್ದಾಣದಲ್ಲಿ ಲಖನ ಸರ್ ಅವನಿಗಾಗಿಯೇ ಕಾಯುತ್ತ ನಿಂತಿದ್ದರು. ಹನ್ನೊಂದು ವರ್ಷದ ನೌಕರಿಯಲ್ಲಿ ಅವರು ಆ ಬಸ್ಸಿಗೆ ಬಂದದ್ದು ಅದೇ ಮೊದಲು. ತಾಯಿಯ ಮೊಣಕಾಲು ನೋವು, ಓಣಿಗೆ ನೀರು ಬಿಡುವ ಹೊತ್ತು, ಸ್ಕೂಟರಿನ ಪ್ಲಗ್ಗು, ಹೀಗೆ ತಮ್ಮ ತಡದ ಎಲ್ಲ ಕಾರಣಗಳನ್ನೂ ಬಸ್ಸು ದಾರಿ ಸಾಗುವಷ್ಟು ಹೊತ್ತು ಬಿಡಿಸಿ ಹೇಳಿದರು. ಗುರುಪಾದ ಬೆವರುತ್ತ, ಸರ್, ನಾ ನಿಮ್ಮ ಬಗ್ಗೆ ಏನೂ ಬರೆದಿಲ್ಲ ಎಂದ. ಲಖನ ಸರ್ ಸೀಟಿನಲ್ಲೇ ಅವನ ಕಡೆ ತಿರುಗಿದರು. "'ನಿಮ್ಮ' ಅನ್ನೂದನ್ನ ಒತ್ತಿ ಹೇಳಿದ್ರಿ ನೀವು," ಅಂದರು. "ಅಂದ್ರ ಮತ್ಯಾರ ಬಗ್ಗೆ ಬರದೀರಿ?" ಗುರುಪಾದ ಯಾರ ಬಗ್ಗೆಯೂ ಅಲ್ಲ ಎಂದ. ಅದನ್ನೂ ಅವರು ಮನಸ್ಸಿನಲ್ಲೇ ಎರಡು ಸಲ ತಿರುಗಿಸಿ ನೋಡಿದಂತೆ ಕಂಡಿತು. ಅಂದಿನಿಂದ ಶಾಲೆಯಲ್ಲಿ ಗುರುಪಾದನಿಗೆ ಸಾದಾ ಮಾತು ಎಂಬುದೇ ಇಲ್ಲದಾಯಿತು. ಚಹಾ ಆಯಿತೇ ಎಂದು ಕೇಳಿದರೆ ಕೇಳಿಸಿಕೊಂಡವರು ಚಹಾ ಬಿಟ್ಟು ತರಗತಿಗೆ ಓಡುತ್ತಿದ್ದರು.

ಭಾನುವಾರ ಈಶ್ವರ ಸರ್ ಗೋಕಾಕದ ಮನೆಗೇ ಬಂದರು. ಅವರ ಕೈಯಲ್ಲಿ ಮೂವತ್ತು ತತ್ತಿಯ ಒಂದು ಟ್ರೇ ಇತ್ತು. ಗುರುಪಾದನ ಮನೆತನ ಬಸವಣ್ಣನವರನ್ನು ನಂಬಿದ ಮನೆತನ. ಲಿಂಗಪೂಜೆಯಾಗದೆ ಒಲೆ ಹತ್ತದ ಆ ಮನೆಯ ಹೊಸ್ತಿಲ ಮುಂದೆ ಅಂಥ ವಸ್ತು ಎಂದೂ ಬಂದಿರಲಿಲ್ಲ. ಈಶ್ವರ ಸರ್ ಅದನ್ನು ಕಟ್ಟೆಯ ಮೇಲೆ ಸಾಕ್ಷಿಯ ಹಾಗೆ ಇಟ್ಟರು.

"ನಮ್ಮ ಮನ್ಯಾಗ ಹನ್ನೊಂದ ಕೋಳಿ ಅದಾವ್ರಿ," ಎಂದರು. "ಇವು ಈ ವಾರ ಅವು ಇಟ್ಟ ತತ್ತಿ. ನಮಗೇನ್ ತತ್ತಿ ಕೊರತಿ ಇಲ್ರಿ. ನೀವ ನೋಡ್ರಿ, ಎಣಸ್ರಿ."

ಎಣಿಸುವುದು ಬೇಡ, ಒಯ್ಯಿರಿ ಎಂದು ಗುರುಪಾದ ಕೈಮುಗಿದ. ನಿಮ್ಮ ಮನಸ್ಸಿನ ಸಂಶಯ ಹೋಗಲಿ, ಇರಲಿ ಇಲ್ಲೇ ಎಂದು ಈಶ್ವರ ಸರ್ ಗಾಡಿ ಹತ್ತಿ ಹೋಗಿಯೇಬಿಟ್ಟರು. ರಾಯವ್ವ ಬಾಗಿಲಿಗೆ ಬಂದು ನೋಡಿದಳು. ಒಳಗೆ ಹೋಗಿ ಕದ ಹಾಕಿಕೊಂಡಳು. ಹೊರಗೆ ಉಳಿದವರು ಗುರುಪಾದ ಮತ್ತು ಮೂವತ್ತು ತತ್ತಿ.

ಅವನು ಟ್ರೇಯ ಮೇಲೆ ಟವೆಲ್ ಮುಚ್ಚಿ, ಓಣಿಯ ಕೊನೆಯಲ್ಲಿದ್ದ ಖಾನಾವಳಿಗೆ ಕೊಟ್ಟು ಬರಲೆಂದು ಗೋಡೆಯ ಅಂಚಿಗೆ ಅಂಚಾಗಿ ಹೊರಟ. ನಾಲ್ಕು ಮನೆ ದಾಟಿರಲಿಲ್ಲ, ನೆರೆಮನೆಯ ಗೌರಕ್ಕ ಎದುರಾದಳು. ಓಣಿಯಲ್ಲಿ ಯಾರ ಕೈಚೀಲದಲ್ಲಿ ಏನಿದೆ ಎಂಬುದು ಆಕೆಗೆ ತಿಳಿಯದೆ ಮುಂದೆ ಹೋದ ಉದಾಹರಣೆ ಇಲ್ಲ. ಟವೆಲ್ಲಿನ ಕೆಳಗೆ ದುಂಡದುಂಡಗೆ ಏನದು ಎಂದು ಕೇಳಿದಳು. ಲಿಂಬೆಹಣ್ಣು ಎಂದು ಗುರುಪಾದ ಹೇಳಿಬಿಟ್ಟ. ಒಳ್ಳೆಯದಾಯಿತು, ಮೊಮ್ಮಗನಿಗೆ ಶರಬತ್ತು ಮಾಡಬೇಕು, ಎರಡು ಕೊಡು ಎಂದು ಗೌರಕ್ಕ ಟವೆಲ್ಲಿನೊಳಗೆ ಕೈ ಹಾಕಿದಳು. ಆ ಕೈ ಒಳಗೆ ಹೋದಷ್ಟೇ ವೇಗದಲ್ಲಿ ಹೊರಗೆ ಬಂತು. ಆಕೆ ಗುರುಪಾದನನ್ನು ನೋಡಿದಳು, ತನ್ನ ಕೈಯನ್ನು ನೋಡಿಕೊಂಡಳು, ನೇರವಾಗಿ ನಲ್ಲಿಗೆ ಹೋದಳು. ಸಂಜೆಯೊಳಗೆ ಇಂಗ್ಲಿಷ್ ಕಲಿತ ಗುರುಪಾದಪ್ಪ ತತ್ತಿಯನ್ನೂ ಕಲಿತಿದ್ದಾನೆಂದು ಓಣಿಯ ಎರಡೂ ತುದಿಗೆ ಸುದ್ದಿ ಮುಟ್ಟಿತು. ಗೌರಕ್ಕ ಎರಡು ಸಲ ಸ್ನಾನ ಮಾಡಿದಳು ಎಂಬುದೂ ಅದರ ಜೊತೆಗೇ ಮುಟ್ಟಿತು.

ಸೋಮವಾರ ನೋಟೀಸು ಬಂತು. ಸನ್ಮಾನಪತ್ರದ ಯಾವ ಸಾಲು ಯಾರನ್ನು ಉದ್ದೇಶಿಸಿದ್ದು ಎಂಬುದನ್ನು ಹೆಸರುಸಹಿತ ತಿಳಿಸಿ, ಶುಕ್ರವಾರದ ಸಭೆಯಲ್ಲಿ ಲಿಖಿತ ಖುಲಾಸೆ, ಎಂದರೆ ವಿವರಣೆ, ಕೊಡಬೇಕೆಂದು ಅದರಲ್ಲಿತ್ತು. ತಂದುಕೊಟ್ಟವರು ಸಮಿತಿಯ ಸದಸ್ಯ ಲಗಮಣ್ಣ. ಚೇರ್ಮನ್ನರಿಗೂ ಬೇಕಾದವರು, ಗುರುಪಾದನಿಗೂ ಬೇಕಾದವರು. ಹಾಗಾಗಿ ಇಬ್ಬರಿಗೂ ಉಪಯೋಗವಿಲ್ಲದವರು. ಅವರು ಕುರ್ಚಿ ಎಳೆದು ಕೂತು ನಿಧಾನವಾಗಿ ವಿವರಿಸಿದರು.

"ಅರ್ಥ ಗೊತ್ತಿದ್ದ ಬರದ್ನಿ ಅಂದ್ರ ಸಂಸ್ಥಾದ ಮಾನಾ ಕಳದಂಗ ಆತು, ನೌಕರಿ ಉಳಿಯೂದಿಲ್ಲ. ಅರ್ಥ ಗೊತ್ತಿಲ್ದ ಬರದ್ನಿ ಅಂದ್ರ ಸೂಪರಿಂಟೆಂಡೆಂಟ್ ಮಾತು ಅಲ್ಲಿಗೇ ಮುಗೀತು. ಬರೇ ಅಷ್ಟ ಅಲ್ಲ. ಇಪ್ಪತ್ತೆರಡ ವರ್ಷ ಇಲಾಖೆಗೆ ಇಂಗ್ಲಿಷಿನ್ಯಾಗ ಏನೇನ್ ಉತ್ತರಾ ಬರದೀ ಅನ್ನೂದನ್ನೆಲ್ಲಾ ತಗದು ನೋಡೂದಾಗ್ತೈತಿ."

ಗುರುಪಾದ ಇವೆರಡರ ನಡುವೆ ಮೂರನೆಯದೇನಾದರೂ ಇದೆಯೇ ಎಂದು ಕೇಳಿದ. ಲಗಮಣ್ಣ ತಾವೂ ಅದನ್ನೇ ವಿಚಾರ ಮಾಡುತ್ತಿರುವುದಾಗಿ ಹೇಳಿ ಚಹಾ ಕುಡಿದು ಹೋದರು. ಆ ರಾತ್ರಿಯೆಲ್ಲ ಗುರುಪಾದ ತಾನು ಇಪ್ಪತ್ತೆರಡು ವರ್ಷಗಳಲ್ಲಿ ಬರೆದ ಪತ್ರಗಳನ್ನು ಒಂದೊಂದಾಗಿ ನೆನಪಿಸಿಕೊಂಡ. ನಿದ್ದೆ ಬರದಿರಲು ಅಷ್ಟು ಸಾಕಾಗಿತ್ತು.

ಬುಧವಾರ ಅವನು ರಜೆ ಹಾಕಿ, ಒಂದು ಡಬ್ಬಿ ಕರದಂಟು ಕಟ್ಟಿಸಿಕೊಂಡು, ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹುಕ್ಕೇರಿಗೆ ಹೋದ. ಎಲ್ಲ ತಪ್ಪೊಪ್ಪಿಕೊಂಡು, ತನಗೆ ಅರ್ಥವೇ ಗೊತ್ತಿರಲಿಲ್ಲವೆಂದು ಅಕ್ಕೋರ ಎದುರು ಹೇಳಿ, ಚೇರ್ಮನ್ನರಿಗೆ ಒಂದು ಮಾತು ಫೋನ್ ಮಾಡಿಸಬೇಕೆಂಬುದು ಅವನ ಲೆಕ್ಕ. ಏನೇನು ಹೇಳಬೇಕೆಂದು ಧುಪದಾಳ ದಾಟುವುದರೊಳಗೆ ಬಾಯಿಪಾಠವಾಗಿತ್ತು. ಹುಕ್ಕೇರಿ ಬರುವುದರೊಳಗೆ ಅದು ಮರೆತೂಹೋಗಿತ್ತು.

ಅಕ್ಕೋರ ಮನೆಯ ಪಡಸಾಲೆಗೆ ಕಾಲಿಟ್ಟೊಡನೆ ಅವನಿಗೆ ಕಂಡದ್ದು ಆ ಚೌಕಟ್ಟು. ಅದು ಅವರ ತಂದೆತಾಯಿಯ ಫೋಟೋದ ಪಕ್ಕದಲ್ಲಿ ತೂಗುತ್ತಿತ್ತು. ಒರೆಸಿ ಒರೆಸಿ ಗಾಜು ಫಳಫಳ ಅನ್ನುತ್ತಿತ್ತು. ಅವರು ನೀರು ಕೊಟ್ಟರು, ರಾಯವ್ವನ ಆರೋಗ್ಯ ಕೇಳಿದರು. ನೋಟೀಸಿನ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಗುರುಪಾದ, ಆ ಶಬ್ದ ಇದೆಯಲ್ಲ ಅಕ್ಕೋರೆ, ಎಂದು ಶುರುಮಾಡಿದ. ಅವರು ಗೋಡೆಯ ಕಡೆ ನೋಡಿದರು.

"ಮೂವತ್ತ ವರ್ಷದಾಗ ನಾ ಯಾರಿಗೂ ಎದುರಾಎದುರು ಏನೂ ಅಂದಾಕೀ ಅಲ್ರಿ," ಎಂದರು. "ಅನ್ನೂ ಧೈರ್ಯಾನೂ ಇರಲಿಲ್ಲ. ಜಲ್ದಿ ಬಂದು ಗೇಟಿನ್ಯಾಗ ನಿಲ್ತಿದ್ನಿ. ತತ್ತಿ ಹಂಚೂ ಮುಂದ ನಿಲ್ತಿದ್ನಿ. ತಿಳೀಬೇಕಾದವರಿಗೆ ತಿಳೀಲಿ ಅಂತ ಅಷ್ಟ. ಯಾರೂ ತಿಳಕೊಂಡಿಲ್ಲ ಅನಕೊಂಡಿದ್ನಿ. ಕಡೀ ದಿನ ಎಲ್ಲಾರ ಮುಂದ ಆ ಹುಡಿಗಿ ಓದಿ ಹೇಳಿದಾಗ, ಅದು ನನ್ನ ನೌಕರೀನ ಒಂದ ಶಬ್ದದಾಗ ಹೇಳಿದಂಗಿತ್ತು."

ಗುರುಪಾದ ಮತ್ತೊಮ್ಮೆ ಚೌಕಟ್ಟಿನ ಕಡೆ ನೋಡಿದ. ಅರ್ಥ ಗೊತ್ತಿಲ್ಲದೆ ಹಾಕಿದ್ದೆಂದು ಈಗ ಹೇಳಿದರೆ, ಆ ಗೋಡೆಯ ಮೇಲಿನದು ಚೌಕಟ್ಟು ಹಾಕಿದ ಒಂದು ತಪ್ಪು ಆಗಿಬಿಡುತ್ತಿತ್ತು. ಕೊನೆಗೆ ಅವನು ಖುಲಾಸೆಯಲ್ಲಿ ಏನು ಬರೆಯಲಿ ಎಂದಷ್ಟೇ ಕೇಳಿದ. ಅಕ್ಕೋರು ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದರು. "ಏನೂ ಬರೀಬ್ಯಾಡ್ರಿ. ಇಂಗ್ಲಿಷ್ ಅಂತೂ ಬ್ಯಾಡs ಬ್ಯಾಡ. ಲೆಕ್ಕಾ ತಪ್ಪೈತಿ ಅನ್ನಾವ್ರು ಯಾವ ಮೆಟ್ಲದಾಗ ತಪ್ಪೈತಿ ಅನ್ನೂದನ್ನ ತೋರಸ್ಬೇಕ್ರಿ. ಯಾವ ಸಾಲು ಸುಳ್ಳ ಐತಿ ತೋರಸ್ರಿ ಅಂತ ಕೇಳ್ರಿ, ಸುಮ್ಮನ ಕುಂದರ್ರಿ." ಕರದಂಟಿನಲ್ಲಿ ಅರ್ಧವನ್ನು ಅವರು ರಾಯವ್ವನಿಗೆಂದು ಅವನ ಚೀಲಕ್ಕೇ ವಾಪಸು ಹಾಕಿದರು.

ಶುಕ್ರವಾರದ ಸಭೆ ಅಕ್ಕೋರ ಖಾಲಿ ಕೋಣೆಯಲ್ಲೇ ಸೇರಿತು. ಚೇರ್ಮನ್ನರು, ಲಗಮಣ್ಣ, ಲಖನ ಸರ್, ಈಶ್ವರ ಸರ್ ಎಲ್ಲರೂ ಕೂತಿದ್ದರು. ಗುರುಪಾದನಿಗೆ ಕುರ್ಚಿ ಹಾಕಿರಲಿಲ್ಲ. ಲಿಖಿತ ಖುಲಾಸೆ ಎಲ್ಲಿ ಎಂದು ಚೇರ್ಮನ್ನರು ಕೈ ಚಾಚಿದರು. ತಂದಿಲ್ಲ ಎಂದ. ಹಾಗಾದರೆ ಬಾಯಿಂದಲೇ ಹೇಳು, ಯಾರನ್ನು ಕುರಿತು ಬರೆದದ್ದು, ಒಂದೊಂದೇ ಹೆಸರು ಹೇಳು ಎಂದರು. ಗುರುಪಾದ ಗೋಡೆಯ ಗಡಿಯಾರದ ಕಡೆ ನೋಡುತ್ತ ಮಾತಾಡಿದ.

"ಅದರಾಗ ಅಕ್ಕೋರ ಹೆಸರ ಒಂದ ಬಿಟ್ರ ಬ್ಯಾರೆ ಯಾರ ಹೆಸರೂ ಇಲ್ರಿ. ಅಕ್ಕೋರು ಜಲ್ದಿ ಬರ್ತಿದ್ದದ್ದು ಸುಳ್ಳೇನ್ರಿ? ತತ್ತಿ ಮಕ್ಕಳಿಗೆ ಕೊಟ್ಟದ್ದು ಸುಳ್ಳೇನ್ರಿ? ಸುಳ್ಳ ಯಾವ ಸಾಲ್ನ್ಯಾಗ ಐತಿ ತೋರಸ್ರಿ. ಯಾರಿಗೆ ಯಾವ ಸಾಲು ಚುಚ್ಚೇತಿ, ಅವರ ಹೇಳ್ಲಿ. ನಾ ಅವರ ಕಾಲಿಗೆ ಬೀಳ್ತೇನ್ರಿ."

ಲಗಮಣ್ಣ ಇದು ನ್ಯಾಯವಾದ ಮಾತು ಎಂದರು. ಯಾರಿಗೆ ನೋವಾಗಿದೆಯೋ ಅವರು ಎದ್ದು ನಿಂತು ಹೇಳಲಿ, ಹೆಸರು, ಸಾಲು, ನೋವಿನ ಕಾರಣ ಮೂರನ್ನೂ ಠರಾವಿನಲ್ಲಿ ಬರೆದುಕೊಳ್ಳೋಣ ಎಂದು ಪೆನ್ನಿನ ಟೋಪಿ ತೆಗೆದರು. ಮೂರನೇ ದಾರಿ ಬೇಕೆಂದು ಅವರು ಮಾಡಿದ್ದಲ್ಲ, ಠರಾವು ಬರೆಯುವುದೆಂದರೆ ಅವರಿಗೆ ಮೊದಲಿನಿಂದಲೂ ಪ್ರೀತಿ. ಪೆನ್ನು ಕಾಗದದ ಮೇಲೆ ನಿಂತಿತು. ಲಖನ ಸರ್ ಅವರನ್ನು ಮೊದಲು ಕೇಳಲಾಯಿತು. ಅವರಿಗೆ ಯಾವ ನೋವೂ ಆಗಿರಲಿಲ್ಲ, ತಾವು ಈಗೀಗ ಏಳೂವರೆಯ ಬಸ್ಸಿಗೇ ಬರುತ್ತಿರುವುದಾಗಿಯೂ ಅವರು ತಿಳಿಸಿದರು. ಈಶ್ವರ ಸರ್ ಸಮಾರಂಭದ ದಿನ ಪೆಂಡಾಲಿನ ಹಿಂದೆ ಇದ್ದುದರಿಂದ ತತ್ತಿಯ ಸಾಲು ತಮಗೆ ಸರಿಯಾಗಿ ಕೇಳಿಸಿರಲೇ ಇಲ್ಲ ಎಂದರು.

ಚೇರ್ಮನ್ನರಿಗೆ ತಡೆಯಲಾಗಲಿಲ್ಲ. ಮೇಜು ಗುದ್ದಿ, "ಮತ್ತ ಆ ಕಂಪ್ಯೂಟರ್..." ಎಂದುಬಿಟ್ಟರು.

ಎಲ್ಲರೂ ಅವರ ಕಡೆ ತಿರುಗಿದರು. ಲಗಮಣ್ಣನ ಪೆನ್ನು ಬರೆಯಲು ಬಾಗಿತು. ಚೇರ್ಮನ್ನರು ಆ ಪೆನ್ನನ್ನೇ ನೋಡುತ್ತ, ತೆರೆದ ಬಾಯಿಯಲ್ಲಿದ್ದ ಮಾತನ್ನು ಬಹಳ ಹೊತ್ತು ಅತ್ತಿತ್ತ ಹೊರಳಿಸಿದರು.

"ಆ ಕಂಪ್ಯೂಟರದ ಸಾಲು," ಎಂದು ಕೊನೆಗೆ ಮುಗಿಸಿದರು, "ಛಲೋ ಐತಿ. ಅದರಾಗೇನೂ ತಪ್ಪಿಲ್ಲ."

ಸದರಿ ಸನ್ಮಾನಪತ್ರದಿಂದ ಸಂಸ್ಥೆಯಲ್ಲಿ ಯಾರಿಗೂ ಏನೂ ಚುಚ್ಚಿರುವುದಿಲ್ಲವೆಂದು ಸರ್ವಾನುಮತದಿಂದ ಠರಾವಾಯಿತು. ಎಲ್ಲರೂ ಸಹಿ ಮಾಡಿದರು. ಎದ್ದು ಹೋಗುವಾಗ ಚೇರ್ಮನ್ನರು ಗುರುಪಾದನನ್ನು ಪಕ್ಕಕ್ಕೆ ಕರೆದು, ಸೂಪರಿಂಟೆಂಡೆಂಟ್ ಕೆಲಸಕ್ಕೆ ಬೆಳಗಾವಿಯಿಂದ ಬೇರೆಯವರನ್ನು ಕರೆಸುವುದಾಗಿ ಹೇಳಿದರು. ನಿನ್ನ ಇಂಗ್ಲಿಷ್ ಕಡಿಮೆ ಅಂತಲ್ಲ, ನಮ್ಮ ಶಾಲೆಗೆ ಹೆಚ್ಚಾಯಿತು ಎಂಬುದು ಅವರು ಕೊಟ್ಟ ಕಾರಣ. ಗುರುಪಾದ ಅದಕ್ಕೂ ಕೈಮುಗಿದ. ನೌಕರಿ ಹೋಗಲಿಲ್ಲ, ಹೆಸರೂ ಹೋಗಲಿಲ್ಲ, ಹೋದದ್ದು ಬರಬೇಕಾಗಿದ್ದ ಕುರ್ಚಿಯೊಂದೇ. ಮಂಗಳವಾರ ಮೂಡಲಗಿಯಿಂದ ಒಂದು ಟಂಟಂ ಗಾಡಿ ಬಂದು, ಮೈತುಂಬ ಯೂರಿಯಾದ ಪುಡಿ ಮೆತ್ತಿಕೊಂಡ ಕಂಪ್ಯೂಟರೊಂದನ್ನು ಶಾಲೆಯ ವರಾಂಡದಲ್ಲಿ ಇಳಿಸಿ ಹೋಯಿತು. ಎಲ್ಲಿಂದ ಬಂತೆಂದು ಯಾರೂ ಯಾರನ್ನೂ ಕೇಳಲಿಲ್ಲ. ಒಂಬತ್ತನೇ ತರಗತಿಯ ಹುಡುಗಿಯರು ಅದನ್ನು ಒರೆಸಿ ಒಳಗೆ ಇಟ್ಟರು.

ಎಲ್ಲ ತಣ್ಣಗಾದರೂ ಗುರುಪಾದನಿಗೆ ಒಂದು ಲೆಕ್ಕ ಬಾಕಿ ಉಳಿದಿತ್ತು. ಬೇರೆ ಯಾರಿಂದ ಮರೆಮಾಚಿದರೂ ಅಕ್ಕೋರಿಂದ ಮರೆಮಾಚಿದ್ದು ಅವನಿಗೆ ಜೀರ್ಣವಾಗಲಿಲ್ಲ. ಒಂದು ಸಂಜೆ ಮಸಗುಪ್ಪಿಯ ಬಸ್ ಸ್ಟಾಪಿನಲ್ಲಿ ನಿಂತು ಹುಕ್ಕೇರಿಗೆ ಫೋನ್ ಹಚ್ಚಿದ. ಹಳೇ ಪೇಪರಿನ ಹಾಳೆ, ನಿಘಂಟು, ಮೇಲೆ ತಳ್ಳದ ಪರದೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಆ ಶಬ್ದದ ಅರ್ಥ ತನಗೆ ಗೊತ್ತಿರಲಿಲ್ಲ, ಕ್ಷಮಿಸಬೇಕು ಎಂದು ಮುಗಿಸಿದ.

ಆ ಕಡೆ ಅಕ್ಕೋರು ಅವನ ಉಸಿರು ಇಳಿಯುವ ತನಕ ಕಾದರು.

"ಗೊತ್ತಿತ್ರಿ ಗುರುಪಾದಪ್ಪ," ಎಂದರು. "ಅಚ್ಚಿಗೆ ಹೋಗೂ ಮೊದಲ ಪ್ರೆಸ್ಸಿನ ಅಣ್ಣಪ್ಪ ನನಗ ಅದರ ಫೋಟೋ ಕಳಿಸಿದ್ದ. ನನ್ನ ಕಡೆ ಕಲತಾಂವ ಅಲ್ಲೇನ್ರಿ, ನನ್ನ ಹೆಸರ ಇಂಗ್ಲಿಷಿನ್ಯಾಗ ಬರೋಬ್ಬರಿ ಐತಿಲ್ಲೊ ನೋಡ್ರಿ ಅಂದ. ಒಂದ ಅಕ್ಷರ ತಪ್ಪಿತ್ತು, ತಿದ್ದಿ ಕಳಿಸಿದ್ನಿ. ಪಾಯಿಂಟೆಡ್ಲಿ ಅಳೂದನ್ನ ಓದಿದಾಗನ ನಿಮಗ ಅರ್ಥ ಗೊತ್ತಿಲ್ಲ ಅಂತ ತಿಳೀತು."

ಮತ್ತೆ ಅದನ್ನು ಹುಕ್ಕೇರಿಗೆ ಬಂದಾಗಲೇ ಯಾಕೆ ಹೇಳಲಿಲ್ಲ ಎಂದು ಗುರುಪಾದ ಕೇಳಿದ. ಹೇಳಿದ್ದರೆ ನೀವು ಸಭೆಯಲ್ಲಿ ಹೆದರಿ ನನ್ನ ಹೆಸರನ್ನೇ ಹೇಳಿಬಿಡುತ್ತಿದ್ದಿರಿ ಎಂದು ಅವರು ಯಾವ ಬೇಸರವೂ ಇಲ್ಲದೆ ಅಂದರು. ಅದು ನಿಜವೇ ಆಗಿತ್ತು. ಗೋಕಾಕದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಹತ್ತುತ್ತೀರೋ ಇಲ್ಲವೋ ಎಂದು ಕೇಳಿದ. ಗುರುಪಾದ ಅವನಿಗೆ ಕೈಯಿಂದಲೇ ತಡೆ ಎಂದು ತೋರಿಸಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದ.

"ಮತ್ತ ಆ ಶಬ್ದ, ಅಕ್ಕೋರೆ? ಅದನ್ಯಾಕ ತಿದ್ದಲಿಲ್ರಿ?"

"ಅದನ್ನ ಬೇಕಂತನ ಬಿಟ್ಟೆನ್ರಿ," ಎಂದರು ದಾಕ್ಷಾಯಿಣಿ ಅಕ್ಕೋರು.